ಪ್ರತಿಲೋಮ ದಾಸ್ಯ: ಕಲ್ಯಾಣದ ಕಲಹವನ್ನು ಕುರಿತು ಒಂದು ವಿಮರ್ಶೆ

ಜಯನಗರದ ನಮ್ಮ ಮನೆಗೆ ಸಾಯಂಕಾಲದ ಹೊತ್ತು ಮಿತಾಕ್ಷರದ ವ್ಯವಹಾರಾಧ್ಯಾಯವನ್ನು ಓದಲು ಬರುವ ನಾಲ್ಕಾರು ಮಂದಿಯಲ್ಲಿ ಕನ್ನಡದ ಅಧ್ಯಾಪಕರೊಬ್ಬರಿರುವರು. ದಾಸರನ್ನು ಕುರಿತ ಪ್ರಕರಣದ ಪಾಠವು ನಡೆಯುತ್ತಿದ್ದ ದಿವಸ ಅವರು ಪುಸ್ತಕವನ್ನು ಮಡಿಸಿ, "ಸ್ವಾಮಿ, ಈ ಗ್ರಂಥ ಹುಟ್ಟಿದ್ದು ಕಲ್ಯಾಣದಲ್ಲಿ. ತಾನು ಮಾದಾರನ ಮನೆಯ ದಾಸನ ಮೊಮ್ಮಗನೆಂದು ಹೇಳಿಕೊಂಡ ಬಸವಣ್ಣನವರೂ ಕಲ್ಯಾಣದ ಅಧಿಕಾರಿಗಳೇ. ಇವೆರಡನ್ನೂ ಒಟ್ಟಿಗಿಟ್ಟು ಓದಬಾರದೇ?" ಎಂದು ಕೇಳಿದರು. ಆ ದಿನ ನಾನು ಸಮರ್ಪಕವಾದ ಉತ್ತರವನ್ನು ಕೊಡಲಾರದೆ ಹೋದೆನು. ಆಮೇಲೆ ತೋರಿದುದನ್ನು ವಿದ್ವಾಂಸರ ಪರಾಮರ್ಶೆಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನವನ್ನು ಬರೆದನು. ದಾಯಭಾಗದ ವಿಷಯದಲ್ಲಿ ಈ ಗ್ರಂಥಕ್ಕಿರುವ ಪ್ರಾಮಾಣ್ಯವು ಪ್ರಸಿದ್ಧವಾಗಿದೆ; ಆದರೆ ಅದರಲ್ಲಿ ದಾಸರ ವಿಚಾರವೂ ಇರುವುದನ್ನು ಕನ್ನಡದ ವಿಮರ್ಶಕರು ಅಷ್ಟಾಗಿ ಗಮನಿಸಿಲ್ಲ. ನಾರದನು ಹದಿನೈದು ಬಗೆಯ ದಾಸರನ್ನು ಎಣಿಸಿರುವನು. ಮನೆಯ ದಾಸಿಯಲ್ಲಿ ಹುಟ್ಟಿದವನು, ಕ್ರಯಕ್ಕೆ ಕೊಂಡವನು, ದಾನವಾಗಿ ಬಂದವನು, ಕ್ಷಾಮದಲ್ಲಿ ಅನ್ನವಿಕ್ಕಿ ಉಳಿಸಲ್ಪಟ್ಟವನು, ಒತ್ತೆಯಿಟ್ಟವನು, ಯುದ್ಧದಲ್ಲಿ ಸೆರೆಸಿಕ್ಕವನು, ಪಣದಲ್ಲಿ ಗೆದ್ದವನು, "ನಾನು ನಿನ್ನವನು" ಎಂದು ತಾನೇ ಬಂದವನು, ದಾಸಿಯ ಮೋಹದಿಂದ ದಾಸನಾದವನು, ತನ್ನನ್ನು ತಾನೇ ಮಾರಿಕೊಂಡವನು ಮೊದಲಾದವರು ಈ ಗಣನೆಯಲ್ಲಿ ಬರುತ್ತಾರೆ. ಬಲಾತ್ಕಾರದಿಂದ ದಾಸನಾದವನಿಗೂ ಕಳ್ಳರು ಮಾರಿದವನಿಗೂ ಬಿಡುಗಡೆಯುಂಟೆಂಬುದನ್ನು ಯಾಜ್ಞವಲ್ಕ್ಯನು ಹೇಳಿರುವನು. ಶಾಸ್ತ್ರಕಾರರು ನಿರ್ದಯರೆಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಸಾಧುವಲ್ಲ. ಆದರೆ ಒಂದು ವಿಧಿಯಲ್ಲಿ ಮಾತ್ರ ಅವರಿಗೆ ಸಡಿಲಿಕೆಯಿಲ್ಲ: ದಾಸ್ಯವು ವರ್ಣಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ ಹರಿಯತಕ್ಕದ್ದು, ಕೆಳಗಿನವನಿಗೆ ಮೇಲಿನವನು ದಾಸನಾಗಕೂಡದು. ನಾರದನು ಈ ವಿಧಿಗೆ ಕೊಡುವ ಉಪಮಾನವೇ ನಮ್ಮ ವಿಚಾರದ ಕೀಲು. ದಾಸ್ಯವು ಭಾರ್ಯೆಯ ವಿಷಯದಂತೆ ಎಂದು ಅವನ ಅಭಿಪ್ರಾಯ. ಅಂದರೆ ಅನುಲೋಮ ವಿವಾಹಕ್ಕೆ ಯಾವ ದಾರಿಯೋ ದಾಸ್ಯಕ್ಕೂ ಅದೇ ದಾರಿ. ಇದಕ್ಕೆ ಅವನು ಹೇಳುವ ಅಪವಾದ ಒಂದೇ. ಸ್ವಧರ್ಮವನ್ನು ತ್ಯಜಿಸಿದವನಿಗೆ ಈ ರಕ್ಷಣೆಯಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬಸವಣ್ಣನವರ ಆ ಪ್ರಸಿದ್ಧ ವಚನಕ್ಕೆ ಬರೋಣ. ಮಾದಾರ ಚೆನ್ನಯ್ಯನ ಮನೆಯ ದಾಸನ ಮಗನಿಗೂ ಡೋಹರ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ, ಅವರಿಬ್ಬರೂ ಬೆರಣಿಗೆಂದು ಹೊಲಕ್ಕೆ ಹೋಗಿದ್ದಾಗ ಉಂಟಾದ ಸಂಗದಿಂದ ಹುಟ್ಟಿದ ಮಗನು ತಾನೆಂದು ಅದರಲ್ಲಿ ಹೇಳಿರುವರು; ಕೂಡಲಸಂಗಮದೇವನನ್ನು ಸಾಕ್ಷಿಗೆ ಕರೆದಿರುವರು. ನಮ್ಮ ತರಗತಿಗಳಲ್ಲಿ ಇದನ್ನು ದೈನ್ಯಭಾವಕ್ಕೆ ಉದಾಹರಣೆಯಾಗಿ ಹೇಳಿ ಮುಂದೆ ಸಾಗುವುದು ವಾಡಿಕೆ. ನಾನೂ ಬಹುಕಾಲ ಹಾಗೆಯೇ ಓದಿದ್ದೆನು. ಈಗ ಆ ಓದು ಸಾಲದೆಂದು ತೋರುತ್ತದೆ. ಈ ವಚನವು ನ್ಯಾಯಸ್ಥಾನದಲ್ಲಿ ಕೊಟ್ಟ ಹೇಳಿಕೆಯಂತಿದೆ: ತಂದೆ ಯಾರು, ತಾಯಿ ಯಾರು, ಅವರ ಒಡೆಯರು ಯಾರು, ಸಂಗವಾದ ಸ್ಥಳವೆಲ್ಲಿ, ಸಾಕ್ಷಿ ಯಾರು ಎಂಬುದೆಲ್ಲ ಅದರಲ್ಲಿ ಬಂದಿದೆ. ಶಾಸ್ತ್ರದ ಭಾಷೆಯಲ್ಲಿ ಇದು ದಾಸರ ಗಣನೆಯಲ್ಲಿ ಮೊದಲನೆಯವನಾದ ಗೃಹಜಾತನ ಲಕ್ಷಣ. (ಮಗುವು ದಾಸಿಯ ಒಡೆಯನಿಗೆ ಸೇರತಕ್ಕದ್ದಾದುದರಿಂದ ಬಸವಣ್ಣನವರು ಕಕ್ಕಯ್ಯನ ಸ್ವತ್ತಾಗುವರೆಂದು ನನ್ನ ವಿದ್ಯಾರ್ಥಿಗಳಲ್ಲೊಬ್ಬರು ಪರಿಹಾಸ್ಯಮಾಡಿದರು, ಮಾತು ಪರಿಹಾಸ್ಯದ್ದಾದರೂ ತಪ್ಪಲ್ಲ.) ಬ್ರಾಹ್ಮಣಕುಲದಲ್ಲಿ ಜನಿಸಿ ಅರಸನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವನು ಹೀಗೆ ಹೇಳಿಕೊಂಡರೆ ಅದು ಪ್ರತಿಲೋಮ ದಾಸ್ಯ. ದೇವರಿಗೆ ದಾಸನೆಂದರೆ ಯಾವ ಸ್ಮೃತಿಯೂ ಅಡ್ಡಬರುವುದಿಲ್ಲ. ಮಾದಾರನ ದಾಸನ ಮೊಮ್ಮಗನೆಂದರೆ ಅಡ್ಡಬರುತ್ತದೆ.

ಇಲ್ಲಿ ಒಂದು ಆಕ್ಷೇಪವುಂಟು. ಪುರಾಣಗಳ ಪ್ರಕಾರ ಚೆನ್ನಯ್ಯನು ಚೋಳರ ಕಾಲದ ಪುರಾತನನು. ಪುರಾತನರಿಗೆ ದಾಸನೆನ್ನುವುದು ಕೇವಲ ಭಕ್ತಿಯ ಮರ್ಯಾದೆಯಲ್ಲವೇ ಎನ್ನಬಹುದು. ಕಕ್ಕಯ್ಯನ ವಿಷಯದಲ್ಲಿ ಈ ಆಕ್ಷೇಪವು ನಿಲ್ಲುವುದಿಲ್ಲ. ಅವನು ಬಸವಣ್ಣನವರ ಸಮಕಾಲೀನನೆಂದೇ ಸಂಪ್ರದಾಯವಿದೆ. ಶರಣರು ದಾಸರನ್ನು ಬಿಡುಗಡೆಮಾಡಿಸಿದರೆಂದು ನಾನು ಹೇಳುತ್ತಿಲ್ಲ. ವಚನದಿಂದ ಸಿದ್ಧವಾಗುವುದು ಇಷ್ಟೇ: ದಾಸ್ಯವು ಹರಿಯಬೇಕಾದ ದಿಕ್ಕನ್ನು ಅದು ತಿರುಗಿಸಿತು.

ದಿಕ್ಕು ತಿರುಗಿದ ಮೇಲೆ ನಾರದನ ಉಪಮಾನವು ತನ್ನ ಕೆಲಸವನ್ನು ಮಾಡದೆ ಬಿಡುವುದೇ? ಚೆನ್ನಯ್ಯ, ಕಕ್ಕಯ್ಯ ಇವರ ಸಾಲಿನಲ್ಲಿ ಮೂರನೆಯವನು ಸಮಗಾರ ಹರಳಯ್ಯ. ಮೂವರ ಕುಲವೂ ತೊಗಲಿನ ಕಸುಬಿಗೆ ಸೇರಿದುದು. ಬ್ರಾಹ್ಮಣನಾಗಿದ್ದ ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟರೆಂಬುದು ಪರಂಪರೆಯ ಕಥೆ. ಮಾತಿನಲ್ಲಿ ಮೊದಲು ದಾಸ್ಯವು ಪ್ರತಿಲೋಮವಾಯಿತು. ಬಳಿಕ ಮನೆಯಲ್ಲಿ ವಿವಾಹವೂ ಪ್ರತಿಲೋಮವಾಯಿತು. ಇವೆರಡಕ್ಕೂ ಒಂದೇ ಬೇರು.

ಆದರೆ ನಮ್ಮ ಕವಿಗಳು ಈ ಬೇರನ್ನು ತೋರಿಸಿದರೇ ಎಂದು ಕೇಳಿದರೆ ನಿರಾಶೆಯಾಗುತ್ತದೆ. ಬಿಜ್ಜಳನು 1162ರ ಹೊತ್ತಿಗೆ ಚಾಳುಕ್ಯರ ಸಿಂಹಾಸನವನ್ನು ತನ್ನದಾಗಿಸಿಕೊಂಡು, 1167–68ರ ಸುಮಾರಿಗೆ ಗತಿಸಿದನು. ಸಮಕಾಲೀನ ಶಾಸನಗಳಲ್ಲಿ ಮದುವೆಯ ಪ್ರಸ್ತಾಪವಿಲ್ಲ. ಆದಕಾರಣ ಕಾವ್ಯಗಳನ್ನೇ ಪರೀಕ್ಷಿಸಬೇಕಾಗಿದೆ. ಹರಿಹರನದೆಂದು ಸಾಮಾನ್ಯವಾಗಿ ಒಪ್ಪಿರುವ ಹದಿಮೂರು ಸ್ಥಲಗಳ ಬಸವರಾಜದೇವರ ರಗಳೆಯಲ್ಲಿ ಕಲ್ಯಾಣದ ರಕ್ತಪಾತವೇ ಬರುವುದಿಲ್ಲ. 1369ರಲ್ಲಿ ಭೀಮಕವಿಯು ಬರೆದ ಬಸವಪುರಾಣದಲ್ಲಿ ಬಿಜ್ಜಳನು ಇಬ್ಬರು ಶರಣರ ಕಣ್ಣುಗಳನ್ನು ಕೀಳಿಸುತ್ತಾನೆ. ಬಸವಣ್ಣನವರು ಸಂಗಮಕ್ಕೆ ತೆರಳುತ್ತಾರೆ. ಜಗದೇವನಿಂದ ಅರಸನ ವಧೆಯಾಗುತ್ತದೆ. ಅಲ್ಲಿ ಮುಂದಾಗಿ ಕಾಣುವುದು ಅರಸನ ಕ್ರೌರ್ಯವೇ. ಧರಣಿಪಂಡಿತನ ಬಿಜ್ಜಳರಾಯಚರಿತೆಯು ಜೈನರ ಪಕ್ಷದಿಂದ ಬಂದದ್ದು. ಅದರಲ್ಲಿ ಅರಸನು ಸಾಯುವುದು ವಿಷದ ಹಣ್ಣಿನಿಂದ. ಒಂದು ಪಕ್ಷಕ್ಕೆ ಅರಸನು ಪಾಪಿ, ಮತ್ತೊಂದಕ್ಕೆ ಮಂತ್ರಿಯು ದ್ರೋಹಿ. ಜಗಳವು ಏತಕ್ಕಾಗಿ ಎಂಬುದು ಇಬ್ಬರ ಕೈಯಿಂದಲೂ ಜಾರಿಹೋಗಿದೆ.

ಈಚಿನ ನಾಟಕಕಾರರು ಮದುವೆಯನ್ನು ನಡುವಿಗೆ ತಂದುದು ಅವರ ಹಿರಿಮೆ. ಗಿರೀಶ ಕಾರ್ನಾಡರ ‘ತಲೆದಂಡ’ (1990) ಈ ದೃಷ್ಟಿಯಿಂದ ಮುಖ್ಯವಾದುದು. ಅದರ ಮೊದಲಲ್ಲಿಯೇ ಬ್ರಾಹ್ಮಣನಾದ ಜಗದೇವನ ಮನೆಯೊಳಕ್ಕೆ ಬರಲು ಮಲ್ಲಿಬೊಮ್ಮನು ಅಂಜುತ್ತಾನೆ. ಒಳಗಿನವರು ಕರೆದರೂ ಅವನ ಕಾಲು ಮುಂದಕ್ಕೆ ಬರುವುದಿಲ್ಲ. ದಾಸ್ಯವು ಶರೀರದಲ್ಲಿ ಹೇಗೆ ಕುಳಿತಿರುವುದೆಂಬುದನ್ನು ಇದಕ್ಕಿಂತ ಚೆನ್ನಾಗಿ ಶಾಸ್ತ್ರವೂ ಹೇಳಲಾರದು. ಅರಸನಾದ ಬಿಜ್ಜಳನನ್ನೇ ಕ್ಷೌರಿಕಕುಲದವನನ್ನಾಗಿ ಮಾಡಿರುವುದೂ ಜಾಣತನವೇ. ಆದರೆ ಮದುವೆಯ ಮಾತು ಬಂದಾಗ ಅಲ್ಲಿಯ ಬಸವಣ್ಣನು ಅನಿರೀಕ್ಷಿತವಾದ ಆಪತ್ತನ್ನು ಕಂಡವನಂತೆ ಹಿಂಜರಿಯುತ್ತಾನೆ. ನನ್ನ ಅಸಮಾಧಾನವಿರುವುದು ಇಲ್ಲಿಯೇ. ಕಕ್ಕಯ್ಯನ ದಾಸಿಯ ಮಗಳ ಮಗನೆಂದು ಸಾಕ್ಷಿಯಿಟ್ಟು ಹೇಳಿದವನಿಗೆ ಆ ಮದುವೆಯು ಹೊರಗಿನಿಂದ ಬಂದ ಸುದ್ದಿಯಾಗಲಾರದು; ಅದು ಅವನ ಮಾತಿನ ಫಲವೇ. ಹಿಂಜರಿಯುವುದಾದರೆ ತನ್ನ ವಚನವನ್ನು ನೆನೆದು ಹಿಂಜರಿಯಬೇಕಾಗಿತ್ತು. ಲಂಕೇಶರ ‘ಸಂಕ್ರಾಂತಿ’ಯಲ್ಲಿ (1971) ಉಷೆ, ರುದ್ರರ ಕಥೆಯು ಬೇರೊಂದು ಹಾದಿಯದು, ಅದಕ್ಕೆ ಪ್ರತ್ಯೇಕವಾದ ಲೇಖನವೇ ಬೇಕು.

ದಾಸ್ಯಕ್ಕೂ ವಿವಾಹಕ್ಕೂ ಇರುವ ಈ ನಂಟು ನಮ್ಮ ಸ್ಮೃತಿಕಾರರ ಕಲ್ಪನೆಯೆಂದು ಯಾರಾದರೂ ಭಾವಿಸಿದಲ್ಲಿ ಅಮೆರಿಕಾ ದೇಶದ ಚರಿತ್ರೆಯನ್ನು ನೋಡತಕ್ಕದ್ದು. ವರ್ಜೀನಿಯಾದಲ್ಲಿ 1662ರಲ್ಲಿ ಮಾಡಿದ ಕಟ್ಟಳೆಯಂತೆ ಮಗುವು ತಾಯಿಯ ಸ್ಥಿತಿಯನ್ನೇ ಪಡೆಯುತ್ತಿತ್ತು. ನಮ್ಮ ಗೃಹಜಾತನೇ ಅವನು. 1857ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು ಡ್ರೆಡ್ ಸ್ಕಾಟನೆಂಬ ದಾಸನ ವ್ಯಾಜ್ಯದಲ್ಲಿ, ಕರಿಯರು ಪ್ರಜೆಗಳೇ ಅಲ್ಲವೆಂದು ತೀರ್ಪಿತ್ತಿತು. ದಾಸ್ಯವನ್ನು ವಿರೋಧಿಸುವವರು ಮುಂದೆ ವರ್ಣಸಂಕರವನ್ನೇ ತರುವರೆಂದು ಎದುರುಪಕ್ಷದವರು ಕೂಗಿದರು. ಲಿಂಕನನು ಆ ವರ್ಷವೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಅದಕ್ಕೆ ಉತ್ತರ ಹೇಳಿದನು: ಕರಿಯ ಹೆಂಗಸು ತನಗೆ ದಾಸಿಯಾಗುವುದು ಬೇಡವೆಂದರೆ ಆಕೆ ಹೆಂಡತಿಯಾಗಬೇಕೆಂದು ಅರ್ಥವಲ್ಲವೆಂಬುದು ಅವನ ಮಾತಿನ ತಾತ್ಪರ್ಯ. ಯುದ್ಧವು 1861ರಿಂದ 1865ರವರೆಗೆ ನಡೆದು ದಾಸ್ಯವು ಶಾಸನದಿಂದ ರದ್ದಾಯಿತು. ಆದರೆ ಬಿಳಿಯರಿಗೂ ಕರಿಯರಿಗೂ ಮದುವೆಯಾಗಕೂಡದೆಂಬ ಕಟ್ಟಳೆಗಳು ಆ ದೇಶದಲ್ಲಿ ಪೂರ್ತಿಯಾಗಿ ಬಿದ್ದುದು 1967ರಲ್ಲಿ. ಲಿಂಕನನು ದಾಸ್ಯವನ್ನೂ ವಿವಾಹವನ್ನೂ ಬಿಡಿಸಿ ಬೇರೆಬೇರೆ ಇಟ್ಟು ನಡೆದನು. ಕಲ್ಯಾಣದವರು ಬಿಡಿಸಲಿಲ್ಲ. ಅಲ್ಲಿ ಎರಡು ಪ್ರಾಂತಗಳ ಸೈನ್ಯಗಳು ಎದುರುಬದುರಾಗಿ ನಿಲ್ಲಲಿಲ್ಲವೆಂಬುದು ನಿಜ. ಒಂದೇ ಪಟ್ಟಣವು ಒಳಗೇ ಸೀಳಿತು.

ಸ್ವಧರ್ಮತ್ಯಾಗಿಯೆಂಬ ಅಪವಾದದ ಮಾತೊಂದು ಉಳಿದಿದೆ. ಉಪನಯನವನ್ನೇ ಒಲ್ಲೆನೆಂದು ಹೊರಟ ಬಸವಣ್ಣನವರು ಶಾಸ್ತ್ರದ ಕಣ್ಣಿನಲ್ಲಿ ಆ ಅಪವಾದದೊಳಗೆ ಸೇರಿಯೇ ಸೇರುವರು. ಹಾಗಾದರೆ ಪ್ರತಿಲೋಮ ದಾಸ್ಯವು ಶಾಸ್ತ್ರವು ಅವರಿಗೆ ವಿಧಿಸಬಹುದಾಗಿದ್ದ ಶಿಕ್ಷೆ. ಅದನ್ನು ಅವರು ತಾವಾಗಿಯೇ ಕೇಳಿ ಹೊತ್ತುಕೊಂಡರು. ನಾರದನು ದಾಸನ ಬಿಡುಗಡೆಗೆ ಒಂದು ವಿಧಿಯನ್ನೂ ಹೇಳಿರುವನು: ಒಡೆಯನು ದಾಸನ ಹೆಗಲ ಮೇಲಿನ ನೀರಿನ ಕೊಡವನ್ನು ತೆಗೆದುಕೊಂಡು ಒಡೆಯಬೇಕು, ಅಕ್ಷತೆ ಹೂವುಗಳೊಡನೆ ಅವನ ತಲೆಯ ಮೇಲೆ ನೀರನ್ನು ಚಿಮುಕಿಸಬೇಕು, ಅವನು ದಾಸನಲ್ಲವೆಂದು ಮೂರು ಸಲ ನುಡಿಯಬೇಕು. ಪಾಠವು ಇಲ್ಲಿಗೆ ಬಂದಾಗ ಆ ಅಧ್ಯಾಪಕರು ಮತ್ತೊಂದು ಪ್ರಶ್ನೆಯನ್ನು ಕೇಳಿದರು: "ಕಕ್ಕಯ್ಯನು ಬಸವಣ್ಣನವರ ಕೊಡವನ್ನು ಒಡೆದಿದ್ದರೆ ಅವರು ಒಪ್ಪುತ್ತಿದ್ದರೇ?"

ಒಪ್ಪುತ್ತಿರಲಿಲ್ಲವೆಂದೇ ನನ್ನ ಊಹೆ.