ಲಾಗಿನ್ ಆಯಿತು, ಗುಟ್ಟು ಉಳಿಯಿತೆ?

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ 2001ರಲ್ಲಿ ನಡೆದ ಉತ್ಖನನದಲ್ಲಿ ಬೌದ್ಧ ಚೈತ್ಯ, ವಿಹಾರಗಳ ಅವಶೇಷಗಳೂ ಮಣ್ಣಿನ ಪುಟ್ಟ ಹರಕೆ ಸ್ತೂಪಗಳೂ ದೊರೆತವು. ಸ್ತೂಪಗಳ ಒಳಗೆ ಬರಹವುಳ್ಳ ಮಣ್ಣಿನ ಮುದ್ರೆಗಳಿದ್ದವು. ಇವುಗಳ ಚಿತ್ರಗಳನ್ನು ಪಿಎಚ್‌ಪಿ ಸ್ಕ್ರಿಪ್ಟಿನ ಮೂಲಕ ನಿಮ್ಮ ಕಾಲೇಜಿನ ಸರ್ವರ್‌ಗೆ ಕಳುಹಿಸಬೇಕು ಎಂದುಕೊಳ್ಳಿ. ಸಾಮಾನ್ಯವಾಗಿ ಕಲಿಸುವ ಮಾದರಿ ಮೂರೇ ಸಾಲಿನದು: ಎಫ್‌ಟಿಪಿ_ಕನೆಕ್ಟ್, ಎಫ್‌ಟಿಪಿ_ಲಾಗಿನ್, ಎಫ್‌ಟಿಪಿ_ಪುಟ್.

ಮೊದಲು ಗುಣ ಹೇಳೋಣ. ಇಲ್ಲಿ ಕೆಲಸದ ಕ್ರಮ ಸ್ಪಷ್ಟವಾಗಿದೆ. ಮೊದಲ ಸಾಲು ಸರ್ವರಿನ 21ನೇ ಪೋರ್ಟ್‌ಗೆ ಸಂಪರ್ಕ ಕಲ್ಪಿಸುತ್ತದೆ. ಎರಡನೆಯದು ಬಳಕೆದಾರನ ಹೆಸರು, ಪಾಸ್‌ವರ್ಡ್‌ಗಳನ್ನು ಒಪ್ಪಿಸುತ್ತದೆ. ಸರ್ವರ್ 230 ಎಂದು ಉತ್ತರಿಸಿದರೆ ಪ್ರವೇಶ ಸಿಕ್ಕಿತು. 530 ಎಂದರೆ ಇಲ್ಲ. ಮೂರನೆಯದು ಕಡತವನ್ನು ಸಾಗಿಸುತ್ತದೆ.

ಆದರೆ ಈ ಉತ್ತರವನ್ನು ಮಾದರಿ ಕೇಳಿಸಿಕೊಳ್ಳುವುದೇ ಇಲ್ಲ. ಲಾಗಿನ್ ವಿಫಲವಾದಾಗ ಫಂಕ್ಷನ್ 'ಫಾಲ್ಸ್' ಎಂದು ತಿಳಿಸುತ್ತದೆ. ಅದನ್ನು ಪರೀಕ್ಷಿಸದ ಸ್ಕ್ರಿಪ್ಟ್, ಕಡತ ಹೋಗದಿದ್ದರೂ 'ಚಿತ್ರ ಸೇರಿದೆ' ಎಂದು ಮುದ್ರಿಸಬಲ್ಲದು. ದೋಷಮಿತಿ ಬರೆಯದ ಅಳತೆಗೆ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಾನು ಪೂರ್ಣ ಅಂಕ ಕೊಡುವುದಿಲ್ಲ. ಇಲ್ಲಿಯೂ ಕೊಡಲಾರೆ.

ಎರಡನೆಯ ದೋಷ ಇನ್ನೂ ಗಂಭೀರ. ಎಫ್‌ಟಿಪಿಯ ಮೊದಲ ರೂಪವನ್ನು 1971ರಲ್ಲಿ ಬರೆದವರು ಕಾನ್ಪುರ ಐಐಟಿಯಲ್ಲಿ ಓದಿ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್. ಆಗ ಜಾಲದಲ್ಲಿದ್ದ ಗಣಕಗಳು ಕೆಲವೇ. 1985ರ ನಿಯಮಾವಳಿಯಲ್ಲಿಯೂ ಪಾಸ್‌ವರ್ಡ್ ಸಾದಾ ಅಕ್ಷರಗಳಲ್ಲೇ ಸಾಗುತ್ತದೆ. ದಾರಿಯಲ್ಲಿ ಕಿವಿಗೊಟ್ಟವರು ಅದನ್ನು ಓದಬಹುದು. ನಿಮ್ಮ ಚಿತ್ರಗಳನ್ನು ಅಳಿಸಬಹುದು, ಬದಲಿಸಲೂಬಹುದು. ಕ್ರೋಮ್, ಫೈರ್‌ಫಾಕ್ಸ್‌ಗಳು 2021ರಲ್ಲಿ ಎಫ್‌ಟಿಪಿಯನ್ನು ಕೈಬಿಟ್ಟವು. ಪಾಠದ ಮಾದರಿ ಮಾತ್ರ ಹಾಗೆಯೇ ಉಳಿದಿದೆ.

ಪರಿಹಾರ ಕಷ್ಟವೇನಲ್ಲ. ಸರ್ವರ್ ಒಪ್ಪುವುದಾದರೆ ಎಫ್‌ಟಿಪಿ_ಎಸ್‌ಎಸ್‌ಎಲ್_ಕನೆಕ್ಟ್ ಬಳಸಿ, ಇಲ್ಲವೇ 22ನೇ ಪೋರ್ಟ್‌ನ ಎಸ್‌ಎಫ್‌ಟಿಪಿಯನ್ನು ಆರಿಸಿಕೊಳ್ಳಿ. ಹೆಸರು ಹೋಲುತ್ತದಾದರೂ ಅದು ಎಸ್‌ಎಸ್‌ಎಚ್ ಆಧಾರಿತವಾದ ಬೇರೆಯೇ ವಿಧಾನ. ಪಾಸ್‌ವರ್ಡನ್ನು ಸ್ಕ್ರಿಪ್ಟಿನಲ್ಲಿ ಬರೆಯದೆ, ಜಾಲತಾಣದ ಸಾರ್ವಜನಿಕ ಫೋಲ್ಡರಿನ ಹೊರಗಿನ ಕಡತದಲ್ಲಿಡಿ. ಆ ಖಾತೆಗೆ ಚಿತ್ರಗಳ ಫೋಲ್ಡರಿಗಷ್ಟೇ ಅನುಮತಿಯಿರಲಿ.

ಅಧ್ಯಾಪಕರಲ್ಲಿ ಒಂದು ವಿನಂತಿ. ಈ ಪಾಠ ಮಾಡುವ ದಿನ ಪ್ರಯೋಗಾಲಯದ ನಿಮ್ಮದೇ ಎರಡು ಗಣಕಗಳ ನಡುವೆ, ಪ್ರಯೋಗಕ್ಕೆಂದೇ ತೆರೆದ ಖಾತೆಯಿಂದ ಲಾಗಿನ್ ಮಾಡಿ, ಸಾಗುವ ಮಾಹಿತಿಯನ್ನು ವೈರ್‌ಶಾರ್ಕ್ ತಂತ್ರಾಂಶದಲ್ಲಿ ತೋರಿಸಿ. ತನ್ನ ಪಾಸ್‌ವರ್ಡ್ ಪರದೆಯ ಮೇಲೆ ಅಕ್ಷರಶಃ ಮೂಡಿದ್ದನ್ನು ಕಂಡ ವಿದ್ಯಾರ್ಥಿಗೆ ಉಳಿದುದನ್ನು ವಿವರಿಸಬೇಕಾಗಿಲ್ಲ.