ಚಿತ್ರಕಥೆಯ ವೀರರೂ ವಿರೋಧೀ ಹಿಂಸೆಯೂ

ಪೀಣ್ಯದ ಕಾರ್ಖಾನೆಗಳ ಮಗ್ಗುಲಲ್ಲಿರುವ ರಾಜಗೋಪಾಲನಗರದಂತಹ ಬಡಾವಣೆಗಳಲ್ಲಿ, ತಂದೆ ಪಾಳಿಯ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ ಮಗುವು ಮೊಬೈಲಿನ ಪರದೆಯಲ್ಲಿ ಬ್ಯಾಟ್‌ಮನ್‌ನ ಅಥವಾ ಕ್ಯಾಪ್ಟನ್ ಅಮೆರಿಕನ ಸಾಹಸದಲ್ಲಿ ಮುಳುಗಿರುವುದು ಇಂದು ಅಪರೂಪದ ದೃಶ್ಯವಲ್ಲ. ಅದೇ ಮಗು ಪಾಠಶಾಲೆಯಲ್ಲಿ ಅಹಿಂಸಾಣುವ್ರತದ ಪಾಠವನ್ನೂ ಒಪ್ಪಿಸುತ್ತದೆ. ಅಲ್ಲಿ ಎದುರಾಳಿಯನ್ನು ಕೆಡವಿದವನು ವೀರ. ಇಲ್ಲಿ ತನ್ನನ್ನು ಗೆದ್ದವನು ವೀರ. ಈ ಎರಡು ಪಾಠಗಳು ಒಂದೇ ಮನಸ್ಸಿನಲ್ಲಿ ಹೇಗೆ ಬಾಳಬೇಕೆಂಬುದು ತಂದೆತಾಯಿಗಳೂ ಬಸದಿಯ ಆಡಳಿತ ಮಂಡಳಿಗಳೂ ವಿಚಾರಿಸಬೇಕಾದ ಸಂಗತಿ. ತೀರ್ಪಿಗೆ ಮೊದಲು ಈ ವೀರರು ಹುಟ್ಟಿದ ಪುಸ್ತಕಗಳನ್ನೇ ಪರಿಶೀಲಿಸುವುದು ನ್ಯಾಯ.

ಅಮೆರಿಕದಲ್ಲಿ 1930ರ ದಶಕದ ಕೊನೆಯಲ್ಲಿ 10 ಸೆಂಟುಗಳಿಗೆ ಮಾರಾಟವಾಗುತ್ತಿದ್ದ ಬಣ್ಣದ ಚಿತ್ರಕಥಾ ಸಂಚಿಕೆಗಳಲ್ಲಿ ಹಲವು ಕಥೆಗಳು ಒಟ್ಟಿಗೆ ಇರುತ್ತಿದ್ದವು. 1937ರಲ್ಲಿ ಆರಂಭವಾದ ‘ಡಿಟೆಕ್ಟಿವ್ ಕಾಮಿಕ್ಸ್’ ಪತ್ತೇದಾರರ ಕಥೆಗಳ ಸಂಕಲನ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಲ್ಲ ಕನ್ನಡಿಗರಿಗೆ ಅದರ ಆಕರ್ಷಣೆ ಸುಲಭವಾಗಿ ತಿಳಿದೀತು. 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡ ಮೇಲೆ, 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ನ 27ನೆಯ ಸಂಚಿಕೆಯಲ್ಲಿ ಬ್ಯಾಟ್‌ಮನ್ ಬಂದನು.

ಆ ಮೊದಲ ಕಥೆಯಲ್ಲಿಯೇ ಅಪರಾಧಿಯು ಆಮ್ಲದ ತೊಟ್ಟಿಗೆ ಬಿದ್ದು ಸಾಯುತ್ತಾನೆ. ನಾಯಕನಿಗೆ ಅದರಿಂದ ವ್ಯಥೆಯಿಲ್ಲ. 1940ರ ‘ಬ್ಯಾಟ್‌ಮನ್’ ಮೊದಲ ಸಂಚಿಕೆಯಲ್ಲಿ ಅವನು ವಿಮಾನದಿಂದ ಗುಂಡಿನ ಮಳೆಗರೆಯುತ್ತಾನೆ. ಅದಾದ ಮೇಲೆ ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಅವರು ಈ ನಾಯಕನು ಇನ್ನು ಮುಂದೆ ಕೊಲ್ಲಕೂಡದು, ಬಂದೂಕು ಹಿಡಿಯಕೂಡದು ಎಂಬ ನಿಯಮವನ್ನು ವಿಧಿಸಿದರು. ಇದರ ಹಿಂದೆ ವ್ಯಾಪಾರದ ಎಚ್ಚರಿಕೆಯೂ ಇದ್ದಿರಬಹುದು. ಆದರೂ ಕೊಲ್ಲಲಾರೆನೆಂಬ ಒಂದು ಮಿತಿಯೇ ಆ ಪಾತ್ರಕ್ಕೆ ಘನತೆ ತಂದಿತೆಂಬುದು ಗಮನಾರ್ಹ. ವ್ರತವು ಶಕ್ತಿಯನ್ನು ಕುಂದಿಸುವುದಿಲ್ಲ, ಅದಕ್ಕೆ ಆಕಾರ ಕೊಡುತ್ತದೆ ಎಂಬ ಮಾತಿಗೆ ದೂರದ ನಾಡಿನ ಈ ಅಗ್ಗದ ಪುಸ್ತಕವೂ ಸಾಕ್ಷಿ ನುಡಿಯುತ್ತದೆ.

1941ರ ಮಾರ್ಚ್ ತಿಂಗಳ ಮುದ್ರೆಯುಳ್ಳ ‘ಕ್ಯಾಪ್ಟನ್ ಅಮೆರಿಕ ಕಾಮಿಕ್ಸ್’ನ ಮುಖಪುಟದಲ್ಲಿ ನಾಯಕನು ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಅಮೆರಿಕವು ಆಗ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಇದನ್ನು ರಚಿಸಿದ ಜೋ ಸೈಮನ್ ಮತ್ತು ಜ್ಯಾಕ್ ಕಿರ್ಬಿ ಯೆಹೂದಿಗಳು. ಯುರೋಪಿನಲ್ಲಿ ತಮ್ಮ ಜನರ ಮೇಲೆ ನಡೆಯುತ್ತಿದ್ದ ದೌರ್ಜನ್ಯವನ್ನು ಅರಿತಿದ್ದವರು. ಜೈನ ಆಚಾರಶಾಸ್ತ್ರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ವಿಧವಾಗಿ ವಿಂಗಡಿಸುತ್ತದೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತೊರೆಯಬೇಕು. ಆಕ್ರಮಣವನ್ನು ತಡೆಯುವಾಗ ಒದಗುವ ವಿರೋಧೀ ಹಿಂಸೆಯು ಅವನಿಗೆ ಸಂಪೂರ್ಣವಾಗಿ ತಪ್ಪಿಸಲಾಗದ್ದು. ಈ ದೃಷ್ಟಿಯಿಂದ ಆ ಮುಖಪುಟದ ಮುಷ್ಟಿಯನ್ನು ಬರಿಯ ಕ್ರೌರ್ಯವೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾಗುತ್ತದೆ.

ದೋಷವಿರುವುದು ಬೇರೆ ಕಡೆ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ದಾಳಿಯಾದ ಮೇಲೆ ಈ ಸಂಚಿಕೆಗಳಲ್ಲಿ ಜಪಾನೀಯರು ಕೋರೆಹಲ್ಲಿನ, ವಿಕಾರ ಮುಖದ ಪ್ರಾಣಿಗಳಂತೆ ಚಿತ್ರಿತರಾದರು. ಎದುರಾಳಿಯ ಕೃತ್ಯವನ್ನು ವಿರೋಧಿಸುವುದು ಒಂದು. ಅವನಲ್ಲಿ ಜೀವವೇ ಇಲ್ಲವೆಂಬಂತೆ ಬರೆಯುವುದು ಇನ್ನೊಂದು. ವಿರೋಧೀ ಹಿಂಸೆಯು ಸಂಕಲ್ಪೀ ಹಿಂಸೆಯಾಗಿ ಜಾರುವುದು ಈ ಸಂಧಿಯಲ್ಲಿಯೇ. 1942ರಿಂದ ಅಮೆರಿಕದಲ್ಲಿ ಸುಮಾರು 1,20,000 ಜಪಾನೀ ಮೂಲದ ಜನರನ್ನು ಮನೆಗಳಿಂದ ಹೊರಡಿಸಿ ಶಿಬಿರಗಳಲ್ಲಿ ಇರಿಸಲಾಯಿತು; ಅವರಲ್ಲಿ ಬಹುಪಾಲು ಆ ದೇಶದ ಪ್ರಜೆಗಳೇ. ಆ ಅನ್ಯಾಯಕ್ಕೆ ಚಿತ್ರಕಥೆಯೇ ಕಾರಣವೆನ್ನಲಾಗದು. ಆದರೆ ಅದನ್ನು ಸಹಜವೆಂದು ಕಾಣುವ ಕಣ್ಣನ್ನು ಇಂತಹ ಚಿತ್ರಗಳು ಎಳೆಯರಲ್ಲಿ ಬೆಳೆಸಿದವು. ಅನೇಕಾಂತದ ಅಭಾವವು ಎಷ್ಟು ದೂರ ಒಯ್ಯಬಲ್ಲದೆಂಬುದಕ್ಕೆ ಇದು ನಿದರ್ಶನ.

ಕ್ಯಾಪ್ಟನ್ ಅಮೆರಿಕ ಹುಟ್ಟುವುದಕ್ಕೆ ಸರಿಯಾಗಿ ಸಾವಿರ ವರ್ಷಗಳ ಹಿಂದೆ, ಕ್ರಿ.ಶ. 941ರಲ್ಲಿ, ಪಂಪನು ಆದಿಪುರಾಣವನ್ನು ರಚಿಸಿದನು. ಅಲ್ಲಿಯೂ ಯುದ್ಧವಿದೆ. ಭರತನ ಆಜ್ಞೆಗೆ ಬಾಹುಬಲಿಯು ತಲೆಬಾಗಲಿಲ್ಲ, ಓಡಿಹೋಗಲೂ ಇಲ್ಲ. ಸೈನಿಕರು ವೃಥಾ ಮಡಿಯಬಾರದೆಂದು ಹೋರಾಟವು ಇಬ್ಬರಿಗೇ ಸೀಮಿತವಾಯಿತು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಬಾಹುಬಲಿಯೇ ಗೆದ್ದನು. ಮೇಲಕ್ಕೆತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಗೆಲುವಿನ ಗಳಿಗೆಯಲ್ಲಿಯೇ ರಾಜ್ಯದ ಮೋಹ ಅಣ್ಣತಮ್ಮಂದಿರನ್ನು ಎಲ್ಲಿಗೆ ತಂದಿತೆಂದು ಕಂಡು, ಎಲ್ಲವನ್ನೂ ತೊರೆದು ತಪಸ್ಸಿಗೆ ನಿಂತನು.

ಸಂಚಿಕೆಯ ವೀರನಿಗೆ ಈ ಅವಕಾಶವಿಲ್ಲ. ಅವನು ತೊರೆದರೆ ಮುಂದಿನ ತಿಂಗಳ ಪುಸ್ತಕ ಮಾರಾಟವಾಗದು. ಒಬ್ಬ ಖಳನು ಬಿದ್ದೊಡನೆ ಇನ್ನೊಬ್ಬನು ಬರಲೇಬೇಕು. ತನ್ನ ಕಷಾಯಗಳನ್ನು ನೋಡಿಕೊಳ್ಳಲು ನಾಯಕನಿಗೆ ಪುಟವೇ ಉಳಿಯದು. ಆ ಪ್ರಕಾರದ ನಿಜವಾದ ಕೊರತೆ ಗುದ್ದಾಟದಲ್ಲಿಲ್ಲ, ಗುದ್ದಾಟದ ನಂತರದ ಮೌನವಿಲ್ಲದಿರುವುದರಲ್ಲಿದೆ.

ಹಾಗೆಂದು ಬಹಿಷ್ಕಾರವು ಪರಿಹಾರವಲ್ಲ. ಅಮೆರಿಕದಲ್ಲಿ 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರ ಟೀಕಾಗ್ರಂಥವೂ ಸಾರ್ವಜನಿಕ ಆಕ್ರೋಶವೂ ಕೂಡಿ ಕಟ್ಟುನಿಟ್ಟಿನ ಸಂಹಿತೆ ಬಂದಿತು. ರಕ್ತ ಮರೆಯಾಯಿತು, ವಿವೇಕವು ಅದರಿಂದಲೇ ಮೂಡಲಿಲ್ಲ. ಕನ್ನಡ ನಾಡಿನ ಉದಾಹರಣೆ ಇದಕ್ಕಿಂತ ಹಿತಕರವಾದುದು. 1432ರಲ್ಲಿ ಗೊಮ್ಮಟನು ನೆಲೆನಿಂತ ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈ ಅವರು, ಫ್ಯಾಂಟಮ್‌ನನ್ನು ಭಾರತದ ಮಕ್ಕಳಿಗೆ ತಲುಪಿಸಿದ ಇಂದ್ರಜಾಲ ಕಾಮಿಕ್ಸ್‌ನ ಆರಂಭದಲ್ಲಿ, 1964ರಲ್ಲಿ, ಪಾಲುಗೊಂಡಿದ್ದರು. ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರ ಯತ್ನದಿಂದ 1965ರಲ್ಲಿ ಮೊದಲು ಕನ್ನಡದಲ್ಲಿಯೇ ಹೊರಬಂದ ಅಮರ ಚಿತ್ರಕಥೆಯನ್ನು ಪೈ ಅವರು 1967ರಿಂದ ಬೆಳೆಸಿದರು. ಮಹಾವೀರನ ಚರಿತ್ರೆಯೂ ಆ ಮಾಲೆಯಲ್ಲಿ ಬಂದಿತು. ಪರದೇಶದ ರೂಪವನ್ನು ನಿಂದಿಸುತ್ತ ಕೂಡದೆ, ಅದರಲ್ಲಿ ತಮ್ಮ ನಾಡಿನ ಕಥೆಯನ್ನು ಹೇಳಿದವರ ದಾರಿ ಅದು.

ಪಾಠಶಾಲೆಗಳ ಕಪಾಟಿನಲ್ಲಿ ಎರಡೂ ಬಗೆಯ ಪುಸ್ತಕಗಳಿಗೆ ಸ್ಥಳವಿರಲಿ. ಓದಿದ ಮಗುವಿಗೆ ಹಿರಿಯರು ಒಂದೇ ಪ್ರಶ್ನೆ ಕೇಳಲಿ: ಗೆದ್ದ ಮೇಲೆ ಈ ವೀರನು ಏನು ಮಾಡಿದನು? ಕಾರ್ಖಾನೆಯಲ್ಲಿ ದಿನವೂ ಉದ್ಯೋಗೀ ಹಿಂಸೆಯ ಮಿತಿಯನ್ನು ಎಚ್ಚರದಿಂದ ಕಾಯಬೇಕಾದ ಶ್ರಾವಕನ ಮನೆಯಲ್ಲಿ ಆ ಪ್ರಶ್ನೆಯು ಮಗುವಿಗೆ ಮಾತ್ರವಲ್ಲ, ಕೇಳಿದವರಿಗೂ ಸಲ್ಲುತ್ತದೆ.