ಹದಿನೈದು ಪ್ರಶ್ನೆಗಳೂ ನನ್ನ ಅಕ್ಕನೂ

ಕಥೆ ಕಾದಂಬರಿಗಳನ್ನು ಬಿಟ್ಟು ಪ್ರಶ್ನಾವಳಿಯೊಂದನ್ನು ವಿಮರ್ಶೆಗೆ ಎತ್ತಿಕೊಂಡರೆ ವಾಚಕರು ಹುಬ್ಬೇರಿಸಬಹುದು. ಆದರೆ ಅದೂ ಒಂದು ಕೃತಿಯೇ. ಅದಕ್ಕೂ ಕರ್ತೃಗಳುಂಟು, ಕಾಲದೇಶಗಳುಂಟು, ಬಾಳು ಹೇಗಿರಬೇಕೆಂಬ ಒಂದು ಕಲ್ಪನೆಯೂ ಉಂಟು.

ವೃದ್ಧರಲ್ಲಿ ಖಿನ್ನತೆಯನ್ನು ಗುರುತಿಸುವ ಈ ಪಟ್ಟಿಯನ್ನು ಅಮೆರಿಕದ ಯೆಸಾವೇಜ್ ಮತ್ತು ಸಂಗಡಿಗರು 1980ರ ದಶಕದ ಮೊದಲಲ್ಲಿ ರಚಿಸಿದರು. ಮೂಲದಲ್ಲಿ 30 ಪ್ರಶ್ನೆಗಳಿದ್ದುವು. 1986ರಲ್ಲಿ 15ರ ಸಂಕ್ಷಿಪ್ತ ರೂಪವೂ ಬಂತು. ಉತ್ತರ ಹೌದು, ಇಲ್ಲವೆ ಇಲ್ಲ. ಖಿನ್ನತೆಯ ಕಡೆಗೆ ವಾಲುವ ಪ್ರತಿ ಉತ್ತರಕ್ಕೂ ಒಂದು ಅಂಕ. 5ನ್ನು ಮೀರಿದರೆ ಹೆಚ್ಚಿನ ಪರೀಕ್ಷೆ ಬೇಕೆಂದು ಅರ್ಥ. ಇಂಗ್ಲೆಂಡಿನಲ್ಲಿ ಮಗನ ಮನೆಯಲ್ಲಿರುವ ನನ್ನ ಅಕ್ಕನಿಗೆ, ಅವಳ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ವೈದ್ಯರೊಬ್ಬರು ಇದನ್ನು ಒಡ್ಡಿದರು. ಮಗನೇ ದುಭಾಷಿ. ನಾನು ಪಕ್ಕದಲ್ಲಿದ್ದೆ.

ಹೊರಗೆ ಹೋಗುವುದಕ್ಕಿಂತ ಮನೆಯಲ್ಲಿರುವುದೇ ಇಷ್ಟವೆ? ಹೌದು; ಜನವರಿಯ ಮಂಜಿನ ಮೇಲೆ ಜಾರಿ ಬೀಳಲು ಯಾರಿಗೆ ಇಷ್ಟ? ಹಿಂದಿನ ಕೆಲಸಗಳನ್ನು ಬಿಟ್ಟಿರುವಿರಾ? ಹೌದು, ಅಡಿಗೆಮನೆಯನ್ನು ಸೊಸೆಗೆ ಒಪ್ಪಿಸಿ ಹಿಂದೆ ಸರಿಯುವುದೇ ಹಿರಿತನವೆಂದು ಅವಳು ನಂಬಿದವಳು. ಉಳಿದವರು ನಿಮಗಿಂತ ಸುಖವಾಗಿದ್ದಾರೆಯೆ? "ಇರಲಿ, ಎಲ್ಲರೂ ಚೆನ್ನಾಗಿರಲಿ" ಎಂದಳು. ಅದೂ 'ಹೌದು' ಎಂದೇ ದಾಖಲಾಯಿತು. ಬದುಕಿರುವುದು ಸೊಗಸೆನಿಸುತ್ತದೆಯೆ? "ಯಮನಿಗೆ ಇಲ್ಲಿಯ ವಿಳಾಸ ಸಿಕ್ಕಿಲ್ಲ" ಎಂದು ನಕ್ಕಳು. ನಗುವಿಗೆ ಪಟ್ಟಿಯಲ್ಲಿ ಸ್ಥಳವಿಲ್ಲ. ಒಟ್ಟು ಅಂಕ 7.

ಆ ಸಂಜೆ ನಾವೆಲ್ಲ ಆ ಅಂಕವನ್ನು ಗೇಲಿ ಮಾಡಿದೆವು. ನಮ್ಮ ವೈರಾಗ್ಯ ಅವರಿಗೆ ರೋಗವಾಗಿ ಕಂಡಿತೆಂದು ನಾನು ಒಂದು ಉಪನ್ಯಾಸವನ್ನೇ ಕೊಟ್ಟೆ. ಆಧಾರಗಳೂ ನನ್ನ ಕೈಯಲ್ಲಿದ್ದುವು. ಒಂದು ನಾಡಿನ ರೋಗದ ಅಚ್ಚನ್ನು ಇನ್ನೊಂದು ನಾಡಿನ ಜನರ ಮೇಲೆ ಒತ್ತುವ ತಪ್ಪನ್ನು ಆರ್ಥರ್ ಕ್ಲೈನ್‌ಮನ್ 1977ರಲ್ಲೇ ಎತ್ತಿ ತೋರಿಸಿದ್ದರು. ಪಶ್ಚಿಮದ ವೈದ್ಯನು ಖಿನ್ನತೆಯೆನ್ನುವ ಭಾವ ಬೌದ್ಧನಿಗೆ ಬಾಳಿನ ಸತ್ಯದ ಅರಿವಾಗಿರಬಹುದೆಂದು ಶ್ರೀಲಂಕೆಯ ಗಣನಾಥ ಒಬೆಯಸೇಕರ 1985ರಲ್ಲಿ ವಾದಿಸಿದ್ದರು.

ಆದರೆ ಪಟ್ಟಿಯ ನಿಜವಾದ ಕೊರತೆ ಬೇರೆಡೆ ಇದೆ. ಮುಪ್ಪಿನಲ್ಲಿ ಮೈನೋವು, ನಿದ್ರೆಗೇಡು ಸಹಜವೆಂದು ಅದರ ಕರ್ತೃಗಳು ದೇಹದ ದೂರುಗಳನ್ನು ಬೇಕೆಂದೇ ಕೈಬಿಟ್ಟರು. ಅವರ ಮಟ್ಟಿಗೆ ಅದು ವಿವೇಕವೇ. ನಮ್ಮ ಹಿರಿಯರು ಮಾತ್ರ ಮನಸ್ಸಿನ ಅಳಲನ್ನು ಹೇಳಿಕೊಳ್ಳುವುದು ದೇಹದ ಮೂಲಕ. ಇಂಗ್ಲೆಂಡಿನ ಪಂಜಾಬಿಗಳು ತಮ್ಮ ಸಂಕಟವನ್ನು 'ಎದೆ ಕುಸಿಯುತ್ತದೆ' ಎಂದು ತಿಳಿಸುವ ಬಗೆಯನ್ನು ಕ್ರೌಸ್ 1989ರಲ್ಲಿ ವಿವರಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು 80 ರೋಗಿಗಳನ್ನು ಮಾತನಾಡಿಸಿ 1996ರಲ್ಲಿ ಬರೆದ ಲೇಖನದ ಸಾರವೂ ಇದಕ್ಕೆ ಹತ್ತಿರ: ಮೈನೋವನ್ನು ಹೇಳಿಕೊಳ್ಳಲು ಅಳುಕಿಲ್ಲ, ಅದು ಎಲ್ಲರಿಗೂ ಬರುವಂಥದು; ಮನಸ್ಸಿನ ನೋವನ್ನು ಹೇಳಿದರೆ ಮಾನ ಹೋದೀತು. ಅಕ್ಕನೂ "ಹೊಟ್ಟೆಯಲ್ಲಿ ಏನೋ ಸಂಕಟ" ಎನ್ನುತ್ತಿದ್ದಳು. ಅದಕ್ಕೆ ಸಿಕ್ಕಿದ್ದು ಅಜೀರ್ಣದ ಮಾತ್ರೆ.

ನಾನು ಊರಿಗೆ ಮರಳಿದ ಮೇಲೆ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಎತ್ತಿದೊಡನೆ "ಊಟವಾಯಿತೇನೋ?" ಎಂದು ಕೇಳುತ್ತಿದ್ದವಳು ಒಂದು ದಿನ ಕೇಳಲಿಲ್ಲ, ಮುಂದಿನ ವಾರವೂ ಕೇಳಲಿಲ್ಲ. ಅದನ್ನೂ ವೈರಾಗ್ಯವೆಂದೇ ಎಣಿಸಿದೆ. ಎಂಟು ತಿಂಗಳಾದ ಮೇಲೆ ಕನ್ನಡ ಬಲ್ಲ ವೈದ್ಯೆಯೊಬ್ಬರು, ಮಗನನ್ನು ಹೊರಗೆ ಕೂರಿಸಿ, ಆ ಹೊಟ್ಟೆಯ ಸಂಕಟದ ಕಥೆಯನ್ನು ಗಂಟೆ ಹೊತ್ತು ಕೇಳಿದರು. ಮಗನ ಎದುರು ಆಡಲಾರದ ಮಾತೆಲ್ಲ ಹೊರಬಂತು. ಅವಳಿಗೆ ಖಿನ್ನತೆ ಇದ್ದುದು ನಿಜ. ಪಟ್ಟಿ ಅವಳ ಮಾತನ್ನು ತಪ್ಪಾಗಿ ಓದಿದ್ದರೂ ಎಚ್ಚರಿಕೆ ಕೊಟ್ಟಿತ್ತು. ನಾನು ನಮ್ಮ ಸಂಸ್ಕೃತಿಯ ಹೆಸರು ಹೇಳಿ ಅದನ್ನು ತಳ್ಳಿಹಾಕಿದ್ದೆ.

2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಗೆ 16 ಪ್ರಶ್ನೆಗಳ ಸಂದರ್ಶನವೊಂದನ್ನು ಸೇರಿಸಿತು. ರೋಗಿ ತನ್ನ ಕಷ್ಟವನ್ನು ತನ್ನದೇ ಮಾತಿನಲ್ಲಿ ಹೇಳಲೆಂಬುದು ಅದರ ಆಶಯ. ಇದು ಮೆಚ್ಚತಕ್ಕ ಹೆಜ್ಜೆ. ಆದರೆ ಕೇಳುವ ಕೆಲಸ ವೈದ್ಯರದು ಮಾತ್ರವಲ್ಲ. ತಂದೆತಾಯಿಯರನ್ನು ಪರದೇಶದಲ್ಲಿ ಇರಿಸಿಕೊಂಡವರಿಗೆ ನನ್ನದೊಂದು ಬಿನ್ನಹ: ಅವರಿಗೂ ವೈದ್ಯರಿಗೂ ನಡುವೆ ನೀವೇ ದುಭಾಷಿಯಾಗಿ ಕೂರಬೇಡಿ. "ವಯಸ್ಸಾಯಿತು, ಹಾಗೇ ಇರುತ್ತಾರೆ" ಎಂದು ನೀವೇ ತೀರ್ಪು ಕೊಡಲೂ ಬೇಡಿ. ಅಕ್ಕ ಈಗ ಚೇತರಿಸಿಕೊಂಡಿದ್ದಾಳೆ. ಆ ಎಂಟು ತಿಂಗಳು ಮಾತ್ರ ನನ್ನ ಲೆಕ್ಕದಲ್ಲಿ ಉಳಿದಿವೆ.